ಸೋಲುವುದನ್ನು ಕಲಿಸದ ಕ್ಯಾಸೆಟ್

"ಬರುತ್ತೆ ಸಾರ್ ಅಂದ್ಬಿಟ್ಟೆ ಕಣೇ," ಎಂದ ಮರಿಯಪ್ಪ, ಊಟದ ಕ್ಯಾರಿಯರ್ ಕೆಳಗಿಡುತ್ತಾ.

ಲಕ್ಷ್ಮಿದೇವಮ್ಮ ಹಜಾರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. "ಏನು ಬರುತ್ತೆ?"

"ಪೋಕರ್ರು."

"ಅದೇನ್ರೀ ಅದು?"

"ಇಸ್ಪೀಟು. ಐದೆಲೆ ಆಟ. ನನಗೂ ಅಷ್ಟೇ ಗೊತ್ತಿರೋದು."

ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಅತ್ತೆ ಲಿಂಗಮ್ಮ ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಐವತ್ತು ವರ್ಷದ ಗಂಡಸು, ಬರದೇ ಇರೋದನ್ನ ಬರುತ್ತೆ ಅಂದು ಬಂದವ್ನೆ. ಇವನನ್ನ ಹೆತ್ತವಳು ನಾನೇ, ಏನು ಮಾಡ್ಲಿ!" ಎಂದು ಮತ್ತೆ ಅಗಿಯತೊಡಗಿದರು.

ಮರಿಯಪ್ಪ ಸುಮ್ಮಸುಮ್ಮನೆ ಸುಳ್ಳಾಡುವ ಆಸಾಮಿಯಲ್ಲ. ಇಪ್ಪತ್ತಾರು ವರ್ಷ ಒಂದೇ ಕಾರ್ಖಾನೆಯ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟಿನ ಲೆಕ್ಕ ಬರೆದವನು. ಆದರೆ ಅವತ್ತು ಕ್ಯಾಂಟೀನಿನಲ್ಲಿ ಮ್ಯಾನೇಜರ್ ಸಾಹೇಬರು ತಾವಾಗೇ ಬಂದು ಅವನ ಮುಂದೆ ನಿಂತಿದ್ದರು. ಪ್ರತಿ ಶನಿವಾರ ಅರ್ಧ ದಿನದ ಕೆಲಸ ಮುಗಿದ ಮೇಲೆ ಅವರ ಬಂಗಲೆಯ ವರಾಂಡದಲ್ಲಿ ನಾಲ್ಕು ಜನರ ಪೋಕರ್ ನಡೆಯುತ್ತಿತ್ತು. ನಾಲ್ಕನೆಯವರಿಗೆ ಹೊಸ ವರ್ಷಕ್ಕೆ ವರ್ಗ. "ಜನವರಿಯಿಂದ ನೀವು ಬನ್ನಿ, ಆಟ ಬರುತ್ತೆ ತಾನೇ?" ಎಂದು ಕೇಳಿದರೆ, ಬರೋದಿಲ್ಲ ಎನ್ನಲು ಯಾರಿಗೆ ಬಾಯಿ ಬಂದೀತು?

ಅದಕ್ಕಿಂತ ದೊಡ್ಡ ಕಾರಣ ಮರಿಯಪ್ಪನ ಮಗ ವೆಂಕಟೇಶ. ಕಾರ್ಖಾನೆಯವರು ಪ್ರತಿ ಫೆಬ್ರವರಿಯಲ್ಲಿ ಹನ್ನೆರಡು ಹುಡುಗರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತಿದ್ದರು. ಮೂರು ಜಾಗ ನೌಕರರ ಮಕ್ಕಳಿಗೆ. ಆ ಮೂವರು ಯಾರೆಂದು ಬರೆಯುವ ಪೆನ್ನು ಮ್ಯಾನೇಜರ್ ಸಾಹೇಬರ ಜೇಬಿನಲ್ಲಿ. ವೆಂಕಟೇಶ ಐ.ಟಿ.ಐ. ಮುಗಿಸಿ ಎರಡು ಸಲ ಅರ್ಜಿ ಹಾಕಿ, ಎರಡು ಸಲವೂ ಹೆಸರಿಲ್ಲದೆ ವಾಪಸ್ಸು ಬಂದಿದ್ದ. ಬರುವ ಮಾರ್ಚಿಗೆ ಅವನಿಗೆ ಇಪ್ಪತ್ತೆರಡು ತುಂಬುತ್ತದೆ. ಅಲ್ಲಿಂದಾಚೆಗೆ ಅರ್ಜಿ ತೆಗೆದುಕೊಳ್ಳುವುದೇ ಇಲ್ಲ. ಸದ್ಯಕ್ಕೆ ಕಾಮಾಕ್ಷಿಪಾಳ್ಯದ ಒಂದು ಶೆಡ್ಡಿನಲ್ಲಿ ಲೇತ್ ಓಡಿಸುತ್ತಿದ್ದ. ಅದೇ ಶೆಡ್ಡಿನಲ್ಲಿ ಹೋದ ವರ್ಷ ಒಬ್ಬ ಹುಡುಗನ ಎರಡು ಬೆರಳು ಹೋಗಿದ್ದವು. ಅವತ್ತಿನಿಂದ ಲಕ್ಷ್ಮಿದೇವಮ್ಮ ಮಗ ಮನೆಗೆ ಬಂದ ಕೂಡಲೇ ಮೊದಲು ಅವನ ಕೈ ನೋಡುತ್ತಿದ್ದಳು, ಆಮೇಲೆ ಮುಖ.

ಆ ರಾತ್ರಿ ಊಟಕ್ಕೆ ಕೂತಾಗ ವಿಷಯ ಕೇಳಿ ವೆಂಕಟೇಶ ಮುದ್ದೆ ಮುರಿಯುವುದನ್ನೇ ಬಿಟ್ಟ.

"ನನ್ನ ಕೆಲಸಕ್ಕೆ ನೀವು ಇಸ್ಪೀಟ್ ಆಡ್ಬೇಕಾ ಅಪ್ಪ?"

"ಆಡಿದ್ರೆ ಏನಾಯ್ತೋ? ಕಳ್ಳತನ ಮಾಡ್ತಿದೀನಾ?"

"ನನಗೆ ಕೆಲಸ ಬರುತ್ತೆ. ಮಾರ್ಕ್ಸ್ ಇದೆ. ಅದು ನೋಡಿ ಕೊಡ್ಲಿ."

"ಎರಡು ವರ್ಷದಿಂದ ನೋಡಿದ್ರಲ್ಲ, ಕೊಟ್ರಾ?"

"ಕೊಡದಿದ್ರೆ ಬೇಡ. ಸಾಹೇಬ್ರ ಕಾಲಿಗೆ ಬಿದ್ದು..."

"ಮುಚ್ಚೋ ಬಾಯಿ!" ಎಂದು ಮರಿಯಪ್ಪ ತಟ್ಟೆಯಲ್ಲೇ ಕೈ ತೊಳೆದ. ವೆಂಕಟೇಶನೂ ಎದ್ದ. ಎರಡು ತಟ್ಟೆಯಲ್ಲಿ ಅರ್ಧರ್ಧ ಮುದ್ದೆ. ಲಕ್ಷ್ಮಿದೇವಮ್ಮನಿಗೆ ಇಬ್ಬರ ಮೇಲೂ ಸಿಟ್ಟು ಬಂತು. ಅಂದಿನಿಂದ ಅಪ್ಪ ಮಗನ ನಡುವೆ ಮಾತು ನಿಂತಿತು. "ಅವನಿಗೆ ಹೇಳು ಗ್ಯಾಸ್ ಬುಕ್ ಮಾಡೋಕೆ," "ಅವರಿಗೆ ಹೇಳಮ್ಮ ಮಾಡಾಯ್ತು ಅಂತ." ಹೀಗೆ ಎಲ್ಲವೂ ಅವಳ ಮೂಲಕ.

ಆಟ ಕಲಿಸುವವರು ಯಾರು? ಸಹೋದ್ಯೋಗಿಗಳನ್ನು ಕೇಳಿದರೆ ಸುದ್ದಿ ಸಾಹೇಬರ ಕಿವಿಗೆ ಹೋಗುತ್ತದೆ. ದಾರಿ ತೋರಿಸಿದ್ದು ಪಿಯುಸಿ ಓದುತ್ತಿದ್ದ ಮಗಳು ಸೀತಾ. ಬಸವೇಶ್ವರನಗರದ ಆ ಮನೆಯಲ್ಲಿ ಇವರದು ಕೆಳಗಿನ ಬಾಡಿಗೆ ಭಾಗ. ಮೇಲೆ ಮನೆ ಒಡತಿ ಬಸವರಾಜೇಶ್ವರಿ. ಆಕೆಯ ತಮ್ಮ ದುಬೈಯಿಂದ ವಿಸಿಆರ್ ತಂದುಕೊಟ್ಟಿದ್ದ, ಜೊತೆಗೆ ಒಂದು ಪೆಟ್ಟಿಗೆ ಕ್ಯಾಸೆಟ್ಟು. ಅದರಲ್ಲಿ ಪೋಕರ್ ಕಲಿಸುವ ಕ್ಯಾಸೆಟ್ಟೂ ಒಂದಿರುವುದನ್ನು ಸೀತಾ ನೋಡಿದ್ದಳು.

"ಅದಕ್ಕೇನಂತೆ, ಸಂಜೆ ಆರರಿಂದ ಏಳು ಬಂದು ನೋಡ್ಕೊಳ್ಳಿ," ಎಂದರು ಬಸವರಾಜೇಶ್ವರಿ. ಆಮೇಲೆ ಮೆಲ್ಲಗೆ, "ಲಕ್ಷ್ಮಿದೇವಮ್ಮ, ನನಗೆ ಸೊಂಟ ನೋವು ನೋಡಿ. ದೋಸೆ ಹಿಟ್ಟು ರುಬ್ಬೋಕೆ ಆಗ್ತಿಲ್ಲ."

ಸರಿ, ಮೇಲೆ ಗಂಡನಿಗೆ ಪಾಠ, ಕೆಳಗೆ ಹೆಂಡತಿಗೆ ರುಬ್ಬುವ ಕಲ್ಲು. ಮೊದಲ ವಾರ ದೋಸೆ ಹಿಟ್ಟು, ಎರಡನೇ ವಾರ ಅದರ ಜೊತೆ ಚಟ್ನಿಪುಡಿ, ಮೂರನೇ ವಾರ ಹಿತಕಿದ ಬೇಳೆ. ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿತುಕಿ ಸಿಪ್ಪೆ ಬಿಡಿಸಿ ಲಕ್ಷ್ಮಿದೇವಮ್ಮನ ಹೆಬ್ಬೆರಳು ಬೆಳ್ಳಗೆ ಸುಕ್ಕುಗಟ್ಟಿತು. ಮಗನ ಬೆರಳಿಗಿಂತ ಇದು ದೊಡ್ಡದಲ್ಲ ಎಂದುಕೊಂಡು ಹಿತುಕಿದಳು.

ಕ್ಯಾಸೆಟ್ಟಿನಲ್ಲಿ ಬೋ ಟೈ ಕಟ್ಟಿದ ಒಬ್ಬ ಬಿಳಿಯ, ಹಸಿರು ಬಟ್ಟೆಯ ಮೇಜಿನ ಹಿಂದೆ ಕೂತು ಗಡಗಡನೆ ಇಂಗ್ಲಿಷ್ ಮಾತಾಡುತ್ತಿದ್ದ. ಮರಿಯಪ್ಪನಿಗೆ ಆಫೀಸಿನ ಇಂಗ್ಲಿಷ್ ಓದಲು ಬರುತ್ತಿತ್ತು, ಈ ಪುಣ್ಯಾತ್ಮನ ಬಾಯಲ್ಲಿ ಬರುವುದು ಒಂದೂ ತಿಳಿಯುತ್ತಿರಲಿಲ್ಲ. ಸೀತಾ ಪಕ್ಕದಲ್ಲಿ ಕೂತು, ಟೇಪು ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳಬೇಕು.

"ಒಂದೇ ಥರದ ಎರಡೆಲೆ ಇದ್ರೆ ಪೇರ್. ಮೂರು ರಾಣಿ ಬಂದ್ರೆ ಅದಕ್ಕಿಂತ ದೊಡ್ಡದು. ಐದೂ ಒಂದೇ ಬಣ್ಣ ಅಲ್ಲಪ್ಪ, ಐದೂ ಇಸ್ಪೀಟೋ ಐದೂ ಕಳಾವರ್ರೋ ಆಗಿರ್ಬೇಕು. ಆಮೇಲೆ, ಏನು ಬಂದ್ರೂ ಮುಖದಲ್ಲಿ ತೋರಿಸ್ಬಾರದಂತೆ."

"ಮುಖದಲ್ಲಿ ಏನು ತೋರಿಸ್ತೀನೇ ನಾನು?"

"ಈಗ ತೋರಿಸ್ತಿದೀರಲ್ಲ, ಅದೇ!"

ಊಟಕ್ಕೆ ಮುಂಚೆ ಕೆಳಗೆ ಅಭ್ಯಾಸ. ದುಡ್ಡಿನ ಬದಲು ಅವರೆಕಾಳು. ಮರಿಯಪ್ಪ, ಸೀತಾ, ಲಿಂಗಮ್ಮ ಮೂವರೂ ಚಾಪೆಯ ಮೇಲೆ. ಓದು ಬರಹ ಬಾರದ ಮುದುಕಿಗೆ ಆಟ ಮೂರೇ ದಿನಕ್ಕೆ ಒಗ್ಗಿತು. ಬಾಯಲ್ಲಿ ಎಲೆಅಡಿಕೆ ಇದ್ದರೆ ಆ ಮುಖದಿಂದ ಬ್ರಹ್ಮನೂ ಏನನ್ನೂ ತಿಳಿಯಲಾರ. ಕೈಯಲ್ಲಿ ಏನೂ ಇಲ್ಲದೆ ಒಂದು ಹಿಡಿ ಕಾಳು ಮುಂದೆ ತಳ್ಳಿ ಮಗನನ್ನು ಹೆದರಿಸಿ ಓಡಿಸುತ್ತಿದ್ದರು.

"ಸಾಹೇಬ್ರ ಮನೆಗೆ ನಾನೇ ಹೋಗಿ ಬರ್ಲಾ?" ಎಂದು ಕೇಳಿ ಸೀತಾಳನ್ನು ನಗಿಸಿದರು.

ವೆಂಕಟೇಶ ಮಾತ್ರ ಬಾಗಿಲಾಚೆ ಮೆಟ್ಟಿಲ ಮೇಲೆ ಕೂತು ರಸ್ತೆ ನೋಡುತ್ತಿದ್ದ. ಆಟ ಮುಗಿದ ಮೇಲೆ ಕಾಳು ತೊಳೆದು ಸಾರಿಗೆ ಹಾಕುವಾಗ ಲಕ್ಷ್ಮಿದೇವಮ್ಮ, "ನೀನೂ ಒಂದು ಕೈ ಕೂತ್ಕೋಬಾರ್ದೇನೋ? ನಿನಗಾಗಿ ತಾನೇ ಅವರು ಒದ್ದಾಡ್ತಿರೋದು?" ಎಂದಳು.

"ಅದೇ ಅಮ್ಮ ನನಗೆ ಆಗದೇ ಇರೋದು," ಎಂದು ಅವನು ಚಪ್ಪಲಿ ಮೆಟ್ಟಿ ಹೊರಟುಹೋದ.

ಸಂಕ್ರಾಂತಿ ಕಳೆದ ಶನಿವಾರ ಮರಿಯಪ್ಪ ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡು ಸಾಹೇಬರ ಬಂಗಲೆಗೆ ಹೋದ. ಜೇಬಿನಲ್ಲಿ ನೂರು ರೂಪಾಯಿ. ಲಕ್ಷ್ಮಿದೇವಮ್ಮ ದೇವರ ಮುಂದೆ ದೀಪ ಹಚ್ಚಿ, ಏನು ಕೇಳಿಕೊಳ್ಳಬೇಕೆಂದು ತಿಳಿಯದೆ ಸುಮ್ಮನೆ ಕೈ ಮುಗಿದಳು. ಆರೂವರೆಗೆ ಗೇಟು ಕಿರ್ರೆಂದಿತು. ಗಂಡನ ನಡಿಗೆಯೇ ಬೇರೆಯಾಗಿತ್ತು.

"ಸೀತಾ! ಬಾರೇ ಇಲ್ಲಿ! ನಿನ್ನ ಬಿಳಿಯ ಹೇಳಿದ್ದೆಲ್ಲ ನಿಜ ಕಣೇ!" ಎನ್ನುತ್ತಾ ಜೇಬಿನಿಂದ ನೋಟು ತೆಗೆದು ಚಾಪೆಯ ಮೇಲೆ ಇಟ್ಟ. ನಾನೂರಕ್ಕೂ ಹೆಚ್ಚಿತ್ತು. "ಬರೀ ಒಂದು ಜೊತೆ ಒಂಬತ್ತು ಇಟ್ಕೊಂಡು ಬ್ಲಫ್ ಮಾಡ್ದೆ. ಮೂರು ಜನಾನೂ ಎಲೆ ಕೆಳಗೆ ಹಾಕಿದ್ರು!"

ಸೀತಾ ಕುಣಿದಳು. ಲಿಂಗಮ್ಮ, "ನಾಳೆ ಭಾನುವಾರ, ಮಟನ್ ತಗೊಂಡು ಬಾ," ಎಂದರು. ಲಕ್ಷ್ಮಿದೇವಮ್ಮನಿಗೂ ಖುಷಿಯಾಯಿತು. ಆದರೆ ಆ ಖುಷಿ ನೋಟು ಮಡಿಸಿ ಡಬ್ಬಿಗೆ ಹಾಕುವವರೆಗೂ ಉಳಿಯಲಿಲ್ಲ.

"ಇದು ಯಾರ ದುಡ್ಡುರೀ?"

"ಎಲ್ರದೂ. ಸಾಹೇಬ್ರದೇ ಜಾಸ್ತಿ."

ಮಡಿಸುತ್ತಿದ್ದ ನೋಟನ್ನು ಅವಳು ಚಾಪೆಯ ಮೇಲೇ ಇಟ್ಟಳು. "ಸಾಹೇಬ್ರದಾ? ಅವರೇನಂದ್ರು?"

"ಏನೂ ಅನ್ನಲಿಲ್ಲ. ನಕ್ಕರು."

"ಹೇಗೆ ನಕ್ಕರು?"

"ಹೇಗೆ ಅಂದ್ರೆ? ನಗೋ ಹಾಗೆ ನಕ್ಕರು."

"ಬಾಯಲ್ಲಿ ಮಾತ್ರ ನಕ್ಕರೋ, ಕಣ್ಣಲ್ಲೂ ನಕ್ಕರೋ?"

"ಅದನ್ನೆಲ್ಲ ನೋಡ್ತಾ ಕೂರ್ತಾರೇನೇ?" ಎಂದ ಮರಿಯಪ್ಪ. ಆದರೆ ಅವನ ದನಿ ಸ್ವಲ್ಪ ಇಳಿಯಿತು.

ಭಾನುವಾರ ಮಟನ್ ಸಾರಿನ ಘಮ ಮೇಲಿನ ಮನೆಗೂ ಹೋಯಿತು. ಲಕ್ಷ್ಮಿದೇವಮ್ಮ ತನ್ನ ಪಾಲಿನ ತುಂಡುಗಳನ್ನು ಸೀತಾಳ ತಟ್ಟೆಗೆ ಹಾಕಿದಳು. ಊಟವಾದ ಮೇಲೆ ಗಂಡನ ಮುಂದೆ ನೀರಿನ ಚೊಂಬಿಟ್ಟು ಕೂತಳು.

"ನಾನು ಹೇಳೋದು ಕೇಳಿ. ನಮ್ಮೂರಲ್ಲಿ ನಮ್ಮಮ್ಮ ಪಟೇಲರ ಹೆಂಡತಿ ಜೊತೆ ಚೌಕಾಬಾರ ಆಡ್ತಿದ್ರು. ಹದಿನೈದು ವರ್ಷ ಆಡಿದ್ರು, ಒಂದು ದಿನಾನೂ ಗೆಲ್ಲಲಿಲ್ಲ. ಕಾಯಿ ಹಣ್ಣಾಗೋ ಹೊತ್ತಿಗೆ ಬೇಕಂತಲೇ ತಪ್ಪು ನಡೆಸೋರು. ಆ ಮನೆ ಹಸು ಕರು ಹಾಕಿದಾಗೆಲ್ಲ ಮೊದಲು ಗಿಣ್ಣು ಬರ್ತಿದ್ದದ್ದು ನಮ್ಮನೆಗೇ."

"ಅದಕ್ಕೆ?"

"ಅದಕ್ಕೆ, ಬರೋ ಶನಿವಾರ ನೀವು ಸೋತು ಬನ್ನಿ. ಅವರ ದುಡ್ಡು ಅವರಿಗೇ ಹೋಗ್ಲಿ. ಅದರ ಮೇಲೆ ಇನ್ನೊಂದಿಷ್ಟು ಹೋಗ್ಲಿ. ಕೆಲಸ ಕೊಡೋರನ್ನ ಅವರ ಮನೇಲೇ ಕೂತು ಸೋಲಿಸ್ತಾರೇನ್ರೀ?"

ಮರಿಯಪ್ಪ ಚೊಂಬನ್ನು ಕೂತಲ್ಲೇ ತಿರುಗಿಸತೊಡಗಿದ. ಅವನ ಜನ್ಮದಲ್ಲಿ ಅವನು ಗೆದ್ದದ್ದು ಅದೊಂದು ಮಧ್ಯಾಹ್ನ. ಅದು ಅವಳಿಗೂ ಗೊತ್ತಿತ್ತು, ಹೇಳಲು ಸಂಕಟವೂ ಆಗಿತ್ತು. ಕೊನೆಗೆ ಅವನೇ, "ನೀನು ಹೇಳೋದೂ ಸರಿ ಕಣೇ. ನಾನೊಬ್ಬ ಪೆದ್ದ, ಹೊಳೀಲೇ ಇಲ್ಲ," ಎಂದ.

ಆ ವಾರ ಮತ್ತೆ ಮೇಲಿನ ಮನೆ, ಮತ್ತೆ ಕ್ಯಾಸೆಟ್ಟು, ಮತ್ತೆ ರುಬ್ಬುವ ಕಲ್ಲು. ಸೀತಾ ಟೇಪನ್ನು ಮೊದಲಿನಿಂದ ಕೊನೆಯವರೆಗೆ ಓಡಿಸಿದಳು. ಬೋ ಕಟ್ಟಿದವನಿಗೆ ಸೋಲುವುದು ಹೇಗೆಂಬ ಯೋಚನೆಯೇ ಇದ್ದಂತಿರಲಿಲ್ಲ. ಆದರೆ ಒಂದು ಮಾತು ಸಿಕ್ಕಿತು.

"ನೋಡಿ ಅಪ್ಪ, ಬೇಡ ಅಂತ ಕೆಳಗೆ ಹಾಕಿದ ಎಲೇನ ಯಾರೂ ತಿರುಗಿಸಿ ನೋಡೋ ಹಾಗಿಲ್ಲವಂತೆ. ಅದು ರೂಲ್ಸು. ನಿಮಗೆ ಒಳ್ಳೇ ಎಲೆ ಬಂದ್ರೆ ಮಗುಚಿ ಹಾಕ್ಬಿಡಿ. ಯಾರಿಗೂ ಗೊತ್ತೇ ಆಗಲ್ಲ."

"ನಿಜವಾಗ್ಲೂ ನೋಡಲ್ವಾ?" ಎಂದಳು ಅಷ್ಟರಲ್ಲಿ ಹಿಟ್ಟಿನ ಪಾತ್ರೆ ಹೊತ್ತು ಮೇಲೆ ಬಂದಿದ್ದ ಲಕ್ಷ್ಮಿದೇವಮ್ಮ.

"ಪ್ರಪಂಚದಲ್ಲಿ ಎಲ್ಲಿ ಆಡಿದ್ರೂ ಇದೇ ರೂಲ್ಸ್ ಅಂತೆ ಅಮ್ಮ."

ಲಕ್ಷ್ಮಿದೇವಮ್ಮನಿಗೆ ಧೈರ್ಯ ಬಂತು. ಇಂಗ್ಲಿಷಿನವನೇ ಹೇಳಿದ ಮೇಲೆ ಇನ್ನೇನು!

ಎರಡನೇ ಶನಿವಾರ ಮರಿಯಪ್ಪ ನಾಲ್ಕೂವರೆಗೇ ವಾಪಸ್ಸು ಬಂದ. ಷರ್ಟು ಬಿಚ್ಚದೆ ಗೋಡೆಗೊರಗಿ ಕೂತ. ಲಕ್ಷ್ಮಿದೇವಮ್ಮ ಕಾಫಿ ತಂದಳು. ಲೋಟ ತೆಗೆದುಕೊಂಡವನು ಕುಡಿಯಲಿಲ್ಲ.

"ಸೋತ್ರಾ?"

"ಸೋತೆ. ಇನ್ನೂರೈವತ್ತು."

"ಒಳ್ಳೇದಾಯ್ತಲ್ಲ! ಮತ್ತೆ ಯಾಕೆ ಹೀಗೆ ಕೂತಿದೀರಿ?"

ಅವನ ಬಾಯಿಂದ ಮಾತು ತುಂಡು ತುಂಡಾಗಿ ಹೊರಬಂತು. ಮೊದಮೊದಲು ಎಲ್ಲ ಸರಿಯಾಗೇ ನಡೆದಿತ್ತು. ಸಾಹೇಬರು ಗೆಲ್ಲುತ್ತಿದ್ದರು, ಇವನು ಎಲೆ ಮಗುಚಿ ಹಾಕುತ್ತಿದ್ದ. ಐದಾರು ಸಲ ಹಾಗಾದ ಮೇಲೆ ಸಾಹೇಬರು ಇವನ ಮುಖವನ್ನೇ ನೋಡತೊಡಗಿದರು. ಕಡೆಯ ಆಟದಲ್ಲಿ ಇವನಿಗೆ ಮೂರು ರಾಣಿ ಬಂದವು. ಮೇಜಿನ ನಡುವೆ ದುಡ್ಡು ಗುಡ್ಡೆ ಬಿದ್ದಿತ್ತು. ಇವನು ಮಗುಚಿ ಹಾಕಿದ. ಸಾಹೇಬರು ಕೈ ಚಾಚಿ, ಆ ಐದೆಲೆಗಳನ್ನು ಒಂದೊಂದಾಗಿ ತಿರುಗಿಸಿದರು.

"ಅದು ರೂಲ್ಸ್ ಅಲ್ಲ!" ಎಂದು ಸೀತಾ ಕೂಗಿದಳು. "ನೋಡೋ ಹಾಗಿಲ್ಲ!"

"ಅವರ ಮನೆ, ಅವರ ಮೇಜು ಮಗಳೇ. ಯಾರು ಹೇಳ್ತಾರೆ ಅವರಿಗೆ?"

"ಏನಂದ್ರು?" ಎಂದಳು ಲಕ್ಷ್ಮಿದೇವಮ್ಮ.

"'ಮೂರು ರಾಣಿ ಇಟ್ಕೊಂಡು ನನಗೆ ಭಿಕ್ಷೆ ಹಾಕ್ತಿದೀರಾ ಮರಿಯಪ್ಪ?' ಅಂದ್ರು. ಅವರೆಲ್ಲರ ಎದುರಿಗೆ. ಆಮೇಲೆ ದುಡ್ಡು ನನ್ನ ಕಡೆಗೆ ತಳ್ಳಿ, 'ತಗೊಂಡು ಹೋಗಿ, ಇನ್ಮೇಲೆ ಬರೋದು ಬೇಡ' ಅಂದ್ರು. ನಾನು ದುಡ್ಡು ಮುಟ್ಟಲಿಲ್ಲ. ಎದ್ದು ಬಂದೆ."

ಲಿಂಗಮ್ಮ ಮಗನ ಕೈಯಿಂದ ಆರಿದ ಕಾಫಿಯ ಲೋಟ ತೆಗೆದುಕೊಂಡು ಬಿಸಿ ಮಾಡಲು ಒಳಗೆ ಹೋದರು.

ಭಾನುವಾರ ಬೆಳಿಗ್ಗೆ ಲಕ್ಷ್ಮಿದೇವಮ್ಮ ಎರಡು ಸೇರು ಅಕ್ಕಿಹಿಟ್ಟಿನ ಕೋಡುಬಳೆ ಕರಿದಳು. ಯಾರಿಗೂ ಹೇಳದೆ, ಒಳ್ಳೆ ಸೀರೆ ಉಟ್ಟು, ಡಬ್ಬಿ ಹಿಡಿದು ಬಸ್ಸು ಹತ್ತಿದಳು. ಬಂಗಲೆಯ ಬಾಗಿಲಿಗೆ ಸಾಹೇಬರ ಹೆಂಡತಿಯೇ ಬಂದರು. ಒಳ್ಳೆಯ ಹೆಂಗಸು. ಡಬ್ಬಿ ತೆಗೆದುಕೊಂಡು, ಕುಂಕುಮ ಕೊಟ್ಟು, "ಎಷ್ಟು ಚೆನ್ನಾಗಿದೆ ಘಮ!" ಎಂದರು.

"ಅಮ್ಮಾ, ನಮ್ಮ ಮನೆಯವರು ತಿಳೀದೆ ಏನೋ ಮಾಡ್ಬಿಟ್ರು. ಅದು ಅವರ ತಪ್ಪಲ್ಲ. ನಾನೇ..."

"ಇವರು ಆಫೀಸ್ ವಿಷಯ ಮನೇಲಿ ಆಡಲ್ಲಮ್ಮ," ಎಂದು ಆಕೆ ನಕ್ಕು, ಖಾಲಿ ಡಬ್ಬಿ ಕೊಡಬಾರದೆಂದು ಅದರಲ್ಲೊಂದು ಹಿಡಿ ಸಕ್ಕರೆ ಹಾಕಿ ವಾಪಸ್ಸು ಕೊಟ್ಟರು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಬೈದಿದ್ದರೆ ಅತ್ತಾದರೂ ಬರಬಹುದಿತ್ತು.

ಫೆಬ್ರವರಿ ಮೊದಲ ವಾರ ನೋಟೀಸ್ ಬೋರ್ಡಿನ ಮೇಲೆ ಪಟ್ಟಿ ಬಂತು. ಹನ್ನೆರಡು ಹೆಸರು, ವೆಂಕಟೇಶನದು ಇಲ್ಲ. ಮರಿಯಪ್ಪ ನಾಲ್ಕು ಸಲ ಓದಿದನಂತೆ, ಐದನೇ ಸಲ ಓದುವುದಕ್ಕೆ ಮುಂಚೆ ಕನ್ನಡಕ ಒರೆಸಿಕೊಂಡನಂತೆ. ಇದನ್ನು ಲಕ್ಷ್ಮಿದೇವಮ್ಮನಿಗೆ ಹೇಳಿದ್ದು ಸಾಹೇಬರ ಆಫೀಸಿನ ಟೈಪಿಸ್ಟ್ ಬೈರಯ್ಯ. ಅವಳು ವಿಜಯನಗರದ ಮಾರ್ಕೆಟ್ಟಿನಲ್ಲಿ ಸೊಪ್ಪು ಆರಿಸುತ್ತಿದ್ದಳು. ಅವನು ಕೈಯಲ್ಲಿ ಚೀಲ ಹಿಡಿದು ಪಕ್ಕ ಬಂದು ನಿಂತ.

"ಅಕ್ಕ, ನಾನು ಹೇಳಿದೆ ಅಂತ ಎಲ್ಲೂ ಹೇಳ್ಬೇಡಿ."

"ಏನಪ್ಪ?"

"ನಿಮ್ಮ ವೆಂಕಟೇಶನ ಹೆಸರು ಪಟ್ಟೀಲಿ ಇತ್ತು. ನಾನೇ ಟೈಪ್ ಮಾಡಿದ್ದು. ಅಣ್ಣ ಮೊದಲನೇ ಸಲ ಆಡಿ ಗೆದ್ರಲ್ಲ, ಅದರ ಮಾರನೇ ಸೋಮವಾರ. ಸಾಹೇಬ್ರೇ ನನ್ನ ಮೇಜಿನ ಹತ್ರ ಬಂದು ಹೇಳಿ ಬರೆಸಿದ್ರು. 'ಇಷ್ಟು ವರ್ಷದಲ್ಲಿ ನನ್ನ ಮುಖ ನೋಡಿ ಬೇಕಂತಲೇ ಸೋಲದೇ ಇರೋನು ಅವನೊಬ್ಬ ಕಣ್ರೀ, ಅವನ ಮಗನನ್ನ ಹಾಕಿ' ಅಂದ್ರು. ಎಷ್ಟು ಖುಷಿಯಾಗಿದ್ರು ಅಂತೀರಿ! ಆಮೇಲೆ ಮುಂದಿನ ಸೋಮವಾರ ಬಂದು ಕೆಂಪು ಪೆನ್ನಲ್ಲಿ ಹೊಡೆದು, ಇನ್ನೊಂದ್ಸಲ ಟೈಪ್ ಮಾಡಿ ಅಂದ್ರು. ಯಾಕೆ ಅಂತ ನಮಗೇನು ಗೊತ್ತು? ಅಣ್ಣಂಗೆ ಹೇಳೋಣ ಅಂದ್ರೆ ಬಾಯಿ ಬರಲಿಲ್ಲ."

ಲಕ್ಷ್ಮಿದೇವಮ್ಮ ಸೊಪ್ಪಿನ ಕಟ್ಟು ಹಿಡಿದು ನಿಂತೇ ಇದ್ದಳು. ಸೊಪ್ಪಿನವಳು, "ತಗೋತೀಯೋ ಬಿಡ್ತೀಯೋ ಹೇಳವ್ವ," ಎಂದು ಗದರಿದಳು. ಅವಳು ತೆಗೆದುಕೊಂಡು, ಚಿಲ್ಲರೆ ವಾಪಸ್ಸು ಕೇಳುವುದನ್ನು ಮರೆತು ಹೊರಟಳು. ಹಾಗಾದರೆ ಕಣ್ಣಲ್ಲೂ ನಕ್ಕಿದ್ದರು! ತಾನು ನೋಡದ ನಗೆಯನ್ನು ತಾನೇ ಅಳೆದು, ಬಂದ ಅನ್ನವನ್ನು ಕೈಯಾರೆ ಚೆಲ್ಲಿದೆನಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಹೇಳಿಬಿಡಬೇಕು, ಇವತ್ತೇ ಊಟಕ್ಕೆ ಕೂತಾಗ ಎಲ್ಲರ ಎದುರಿಗೂ ಹೇಳಿಬಿಡಬೇಕು, ಬೈದರೆ ಬೈಯಲಿ ಎಂದುಕೊಂಡು ಮನೆ ಸೇರಿದಳು.

ಬಸ್ಸಾರು, ಮುದ್ದೆ. ನಾಲ್ಕು ತಟ್ಟೆ ಹಾಕಿದಳು. ವೆಂಕಟೇಶ ಕೈ ತೊಳೆದು ಬಂದ. ಅವಳು ಅವನ ಬೆರಳು ನೋಡಿದಳು, ಮುಖ ನೋಡಲಾಗಲಿಲ್ಲ. ಎಲ್ಲರಿಗೂ ಮುದ್ದೆ ಬಡಿಸಿದಳು. ಆಮೇಲೆ ಮರಿಯಪ್ಪ ತಟ್ಟೆ ನೋಡುತ್ತಲೇ, ಎರಡು ತಿಂಗಳ ಮೇಲೆ ಮೊದಲ ಸಲ, ನೇರ ಮಗನಿಗೆ ಹೇಳಿದ.

"ತಪ್ಪಾಯ್ತು ಕಣೋ ವೆಂಕಟೇಶ. ನಿಮ್ಮಮ್ಮ ಹೇಳಿದ್ದು ಮೊದಲೇ ನನ್ನ ತಲೆಗೆ ಹೊಳೀಬೇಕಿತ್ತು. ಮೊದಲನೇ ದಿನಾನೇ ಸೋತಿದ್ರೆ ನಿನ್ನ ಹೆಸರು ಇರ್ತಿತ್ತು. ನಾನು ಗೆದ್ದು ಕೆಡಿಸ್ದೆ."

ಲಕ್ಷ್ಮಿದೇವಮ್ಮ ಬಾಯಿ ತೆರೆದಳು.

"ಬಿಡಿ ಅಪ್ಪ," ಎಂದ ವೆಂಕಟೇಶ. ಅವನ ದನಿಯಲ್ಲಿ ಕೋಪವಿರಲಿಲ್ಲ. "ನನಗೋಸ್ಕರ ಇಷ್ಟೆಲ್ಲ ಮಾಡಿದ್ರಲ್ಲ. ನಾನೇ ಏನೇನೋ ಅಂದ್ಬಿಟ್ಟೆ. ಇನ್ಮೇಲೆ ನಮ್ಮಿಬ್ಬರಿಗೂ ಅಮ್ಮ ಹೇಳಿದ್ದೇ ಸರಿ ಅಂತ ಇಟ್ಕೊಳ್ಳೋಣ."

ಮರಿಯಪ್ಪ ತಲೆಯಾಡಿಸಿದ. ಕಣ್ಣು ಒರೆಸಿಕೊಳ್ಳಲು ಕೈಯಲ್ಲಿ ಮುದ್ದೆ ಮೆತ್ತಿತ್ತು, ತೋಳಿನಿಂದ ಒರೆಸಿಕೊಂಡ. "ಎಷ್ಟಾದ್ರೂ ಅವಳಿಗೆ ಮನುಷ್ಯರ ಮುಖ ಓದೋಕೆ ಬರುತ್ತೆ ಕಣೋ," ಎಂದ. ವೆಂಕಟೇಶ ತನ್ನ ತಟ್ಟೆಯ ಪಕ್ಕದಲ್ಲಿದ್ದ ಉಪ್ಪಿನಕಾಯಿಯ ಬಟ್ಟಲನ್ನು ಅಪ್ಪನ ಕಡೆಗೆ ಸರಿಸಿದ.

ಲಿಂಗಮ್ಮ ಸೊಸೆಯನ್ನೇ ನೋಡುತ್ತಿದ್ದರು. "ಏನೋ ಹೇಳೋಕೆ ಹೋದ್ಯಲ್ಲ, ಏನೇ ಅದು?"

"ಏನಿಲ್ಲ ಅತ್ತೆ," ಎಂದು ಲಕ್ಷ್ಮಿದೇವಮ್ಮ ಸೌಟು ಹಿಡಿದು ಗಂಡನ ತಟ್ಟೆಯ ಕಡೆಗೆ ಬಾಗಿದಳು. "ಇನ್ನೊಂದು ಸ್ವಲ್ಪ ಸಾರು ಹಾಕ್ಲಾ ಅಂತ."